ಕ್ಯಾನ್ಸರ್ ವಾಸಿಯಾದವರಿಗೆ "ಹೇಗಿದ್ದೀರಿ" ಅಂತ ಕೇಳುವುದು ಯಾಕೆ ಇಷ್ಟು ಕಷ್ಟ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ಐದಾರು ವರ್ಷ ಆದವರ ಆಸ್ಪತ್ರೆ ಫೈಲ್ ತೆಗೆದು ನೋಡಿ. ಆಪರೇಷನ್ ಯಾವಾಗ ಆಯಿತು, ಕಿಮೋ ಎಷ್ಟು ಸಲ, ಕರೆಂಟು ಎಷ್ಟು ದಿನ ಕೊಟ್ಟರು, ಕೊನೆಯ ಮ್ಯಾಮೊಗ್ರಾಂನಲ್ಲಿ ಏನು ಬಂತು, ಎಲ್ಲಾ ಇರುತ್ತದೆ. ರೋಗ ಇಲ್ಲ ಅಂತಲೂ ಬರೆದಿರುತ್ತದೆ. ಆದರೆ ಆಕೆಗೆ ರಾತ್ರಿ ನಿದ್ದೆ ಬರುತ್ತದಾ, ಗಡ್ಡೆ ತೆಗೆದ ಕಡೆಯ ಕೈ ಬಾತುಕೊಂಡು ಬಳೆ ಏರುತ್ತಿಲ್ವಾ, ಸಣ್ಣಗೆ ಬೆನ್ನು ನೋವು ಬಂದರೂ "ಮತ್ತೆ ಬಂತೇನೋ" ಅಂತ ಜೀವ ಹಾರುತ್ತದಾ, ಇದ್ಯಾವುದೂ ಅಲ್ಲಿರುವುದಿಲ್ಲ.

ಇದನ್ನು ದಾಖಲೆಗೆ ತರಲಿಕ್ಕೆ ಇರುವುದೇ ಬದುಕಿನ ಗುಣಮಟ್ಟದ ಪ್ರಶ್ನಾವಳಿಗಳು. ಹೆಸರು ದೊಡ್ಡದು, ಒಳಗೆ ಇರುವುದು ಮೂವತ್ತು ನಲವತ್ತು ಸಣ್ಣ ಪ್ರಶ್ನೆಗಳು. ಯುರೋಪಿನ ಇಓಆರ್‌ಟಿಸಿ ಸಂಸ್ಥೆ 1993ರಲ್ಲಿ ಸಿ30 ಅನ್ನುವ 30 ಪ್ರಶ್ನೆಗಳ ಫಾರಂ ತಂದಿತು, ಅದು ಎಲ್ಲಾ ಬಗೆಯ ಕ್ಯಾನ್ಸರ್‌ಗೂ ಆಗುತ್ತದೆ. 1996ರಲ್ಲಿ ಸ್ತನ ಕ್ಯಾನ್ಸರ್‌ಗೆ ಅಂತಲೇ ಇನ್ನೂ 23 ಪ್ರಶ್ನೆ ಸೇರಿಸಿದರು, ಅದು ಬಿಆರ್23. ಅಮೆರಿಕದಲ್ಲಿ 1997ರಲ್ಲಿ ಫ್ಯಾಕ್ಟ್-ಬಿ ಬಂತು. ಇವೆಲ್ಲ ಹೆಚ್ಚಾಗಿ ಚಿಕಿತ್ಸೆಯಲ್ಲಿ ಇರುವವರ ಕಷ್ಟ ಕೇಳುತ್ತವೆ: ವಾಕರಿಕೆ, ಕೂದಲು ಉದುರುವುದು, ಸುಸ್ತು. ಚಿಕಿತ್ಸೆ ಮುಗಿದು ವರ್ಷಗಳಾದವರ ಚಿಂತೆ ಬೇರೆ ಅಲ್ವಾ? ಅದಕ್ಕಾಗಿ 2005ರಲ್ಲಿ ಕ್ಯೂಲ್ಯಾಕ್ಸ್ ಎಂಬ 47 ಪ್ರಶ್ನೆಗಳ ಫಾರಂ ಬಂತು. ರೋಗ ಮರಳುವ ಭಯ, ಮನೆಯವರಿಗೂ ಬಂದೀತು ಅನ್ನುವ ಆತಂಕ, ರೂಪದ ಬಗ್ಗೆ ಬೇಸರ, ಹಣದ ತೊಂದರೆ, ಇವನ್ನೆಲ್ಲ ಅದು ಕೇಳುತ್ತದೆ.

ಈಗ ಇಂಥದ್ದೊಂದನ್ನು ಕನ್ನಡಕ್ಕೆ ತಂದು ಕಾರವಾರ, ಶಿರಸಿ, ಕುಮಟಾ ಕಡೆಯ ಹೆಂಗಸರಿಗೆ ಕೊಡಬೇಕು ಅಂತಿಟ್ಟುಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರನ್ನು ಕೂರಿಸಿದರೆ ಎರಡು ದಿನದಲ್ಲಿ ಅನುವಾದ ಮಾಡಿಕೊಡುತ್ತಾರೆ. ಹಾಗೆ ಮಾಡಿದ ಫಾರಂ ಕಸಕ್ಕೆ ಸಮ. ಇಲ್ಲಿ ತರಬೇಕಾದದ್ದು ಬರೀ ವಾಕ್ಯಗಳನ್ನಲ್ಲ, ಅಳತೆಯನ್ನು. ಅಡಿಕೆ ಮಂಡಿಯ ತಕ್ಕಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಟ್ಟ ಮೇಲೆ ಮೊದಲು ಸೊನ್ನೆಗೆ ನಿಲ್ಲುತ್ತದಾ ಅಂತ ನೋಡುತ್ತಾರೆ, ಆಮೇಲೇ ಮೂಟೆ ಇಡುವುದು. ಪ್ರಶ್ನಾವಳಿಗೂ ಅದೇ ಪರೀಕ್ಷೆ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಸಿ30ರ ಮೊದಲ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಭಾರದ ಶಾಪಿಂಗ್ ಬ್ಯಾಗ್ ಅಥವಾ ಸೂಟ್‌ಕೇಸ್ ಹೊರುವಂಥ ಶ್ರಮದ ಕೆಲಸ ಮಾಡಲು ತೊಂದರೆ ಆಗುತ್ತದೆಯೇ ಅಂತ ಕೇಳುತ್ತದೆ. ಅಂಕೋಲೆಯಲ್ಲಿ ಮೀನು ಬುಟ್ಟಿ ತಲೆ ಮೇಲಿಟ್ಟುಕೊಂಡು ಊರೂರು ತಿರುಗುವವರಿಗೆ ಸೂಟ್‌ಕೇಸ್ ಯಾವ ಲೆಕ್ಕ? "ಇಲ್ಲಪ್ಪ, ನಾನು ಸೂಟ್‌ಕೇಸ್ ಹೊರೋದೇ ಇಲ್ಲ" ಅಂತ ಆಕೆ ಹೇಳಿದರೆ ಫಾರಂನಲ್ಲಿ ತೊಂದರೆಯೇ ಇಲ್ಲ ಅಂತ ಬೀಳುತ್ತದೆ. ಹಾಗಾದರೆ ಮೀನು ಬುಟ್ಟಿ ಅಂತಲೇ ಹಾಕೋಣ ಅನ್ನಿಸುತ್ತದೆ. ಅದೂ ತಪ್ಪು. ತುಂಬಿದ ಬುಟ್ಟಿ ಶಾಪಿಂಗ್ ಬ್ಯಾಗ್‌ಗಿಂತ ಎಷ್ಟೋ ಭಾರ, ಅದನ್ನು ಹೊರಲಾಗದವಳು ಬ್ಯಾಗ್ ಆರಾಮಾಗಿ ಹೊತ್ತಾಳು. ಅಲ್ಲದೆ ಶಿರಸಿಯ ತೋಟದ ಮನೆಯವರಿಗೆ ಬುಟ್ಟಿಯ ಲೆಕ್ಕ ಗೊತ್ತಿಲ್ಲ, ಅವರ ಭಾರ ಬೆಟ್ಟದಿಂದ ತರುವ ಸೊಪ್ಪಿನ ಹೊರೆ. ಭಾರವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ಘಟ್ಟದ ಮೇಲೂ ಕೆಳಗೂ ಎಲ್ಲರೂ ಮಾಡುವ ಕೆಲಸವೂ ಆಗಿರಬೇಕು. ತುಂಬಿದ ಕೊಡ, ರೇಷನ್ ಅಕ್ಕಿ ಚೀಲ, ಹೀಗೆ ಹುಡುಕಬೇಕು. ಹುಡುಕಿ ಇಟ್ಟ ಮೇಲೂ ಮೂಲ ಫಾರಂನ ಹಕ್ಕು ಇರುವವರ ಒಪ್ಪಿಗೆ ಬೇಕು, ಯಾಕೆಂದರೆ ಇವೆಲ್ಲ ಕಾಪಿರೈಟ್ ಇರುವ ಫಾರಂಗಳು. ನಮಗೆ ಬೇಕಾದ ಹಾಗೆ ತಿದ್ದುವಂತಿಲ್ಲ.

ಇದು ಸುಲಭದ ಜಾತಿಯ ತೊಂದರೆ. ಉದಾಹರಣೆ ಬದಲಿಸಿದರೆ ಮುಗಿಯಿತು. ವಿಚಾರವೇ ಇಲ್ಲಿ ಬೇರೆ ಥರ ಇದ್ದರೆ ಏನು ಮಾಡುವುದು? ಕ್ಯೂಲ್ಯಾಕ್ಸ್‌ನಲ್ಲಿ ಕ್ಯಾನ್ಸರ್‌ನಿಂದ ಆದ ಒಳ್ಳೆಯದರ ಬಗ್ಗೆ ಒಂದು ಭಾಗ ಇದೆ. ಕಾಯಿಲೆ ಬಂದು ಹೋದ ಮೇಲೆ ಬದುಕಿನ ಬೆಲೆ ಜಾಸ್ತಿ ತಿಳಿಯಿತು, ಇಂಥ ಭಾವನೆಗಳು. ಅಮೆರಿಕದಲ್ಲಿ ಹೀಗೆ ಮಾತಾಡುವುದು ರೂಢಿ. ಇಲ್ಲಿ ಒಬ್ಬ ವಯಸ್ಸಾದ ಹೆಂಗಸಿಗೆ "ಕ್ಯಾನ್ಸರ್‌ನಿಂದ ನಿಮಗೆ ಏನು ಒಳ್ಳೆಯದಾಯಿತು" ಅಂತ ಕೇಳಿ ನೋಡಿ, ಬೈಸಿಕೊಂಡು ಬರುತ್ತೀರಿ. ಹಾಗಂತ ಆ ಅನುಭವ ಇಲ್ಲಿ ಇಲ್ಲ ಅಂತಲ್ಲ. "ದೇವರು ಇನ್ನೊಂದು ಸಲ ಜೀವ ಕೊಟ್ಟ, ಈಗ ಸಣ್ಣಪುಟ್ಟದ್ದಕ್ಕೆ ಜಗಳ ಆಡುವುದಿಲ್ಲ" ಅಂತ ಅವರೇ ಹೇಳುತ್ತಾರೆ. ಒಳ್ಳೆಯದು ಕಾಯಿಲೆಯಿಂದ ಬಂದದ್ದು ಅಂತ ಮಾತ್ರ ಒಪ್ಪುವುದಿಲ್ಲ, ದೇವರಿಂದ ಬಂದದ್ದು. ಪ್ರಶ್ನೆಯನ್ನು ಆ ದಾರಿಯಲ್ಲಿ ಕಟ್ಟಬೇಕಾಗುತ್ತದೆ.

ಮನೆಯವರ ಬಗ್ಗೆ ಆತಂಕ ಅನ್ನುವುದೂ ಹಾಗೆಯೇ. ಮೂಲದಲ್ಲಿ ಅದು ವಂಶದಲ್ಲಿ ರೋಗ ಹರಿಯುವ ಭಯ. ನಮ್ಮಲ್ಲಿ ಅದರ ಜೊತೆಗೆ ಇನ್ನೊಂದು ಅಂಟಿಕೊಂಡಿದೆ: ಅಮ್ಮನಿಗೆ ಕ್ಯಾನ್ಸರ್ ಆಗಿತ್ತು ಅಂತ ಗೊತ್ತಾದರೆ ಮಗಳಿಗೆ ಗಂಡು ಸಿಗುತ್ತದಾ? ಒಂದು ಗೀಟಿನ ಉತ್ತರದೊಳಗೆ ಎರಡು ಭಯ ಸೇರಿಬಿಟ್ಟರೆ ಅಳೆದದ್ದು ಯಾವುದನ್ನು ಅಂತ ತಿಳಿಯುವುದಿಲ್ಲ.

ಇನ್ನೂ ಒಂದು ಸಂಗತಿ. ಕೆಲವು ಮನೆಗಳಲ್ಲಿ ರೋಗಿಗೆ ಕ್ಯಾನ್ಸರ್ ಅನ್ನುವ ಮಾತನ್ನೇ ಹೇಳಿರುವುದಿಲ್ಲ. ಗಡ್ಡೆ ಇತ್ತು, ತೆಗೆಸಿದ್ದೇವೆ, ಅಷ್ಟೇ. ಅಂಥ ಅಜ್ಜಿಯ ಕೈಗೆ "ನಿಮ್ಮ ಕ್ಯಾನ್ಸರ್ ಬಗ್ಗೆ" ಅಂತ ಶುರುವಾಗುವ ಕಾಗದ ಕೊಟ್ಟರೆ ಏನಾಗುತ್ತದೆ ಯೋಚಿಸಿ. ಕಾಯಿಲೆ, ಚಿಕಿತ್ಸೆ ಅಂತ ಮಾತ್ರ ಹೇಳುವ ಫಾರಂಗಳೂ ಇವೆ, ಹೆಸರು ಹಿಡಿದೇ ಕೇಳುವವೂ ಇವೆ. ಯಾವುದನ್ನು ಆರಿಸಿಕೊಳ್ಳಬೇಕು ಅನ್ನುವುದು ಅನುವಾದ ಶುರು ಮಾಡುವ ಮೊದಲೇ ತೀರ್ಮಾನ ಆಗಬೇಕು.

ಕೆಲಸದ ಕ್ರಮ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರುತ್ತಾರೆ, ಒಬ್ಬರಿಗೆ ವೈದ್ಯಕೀಯ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೇ ಒಳ್ಳೆಯದು. ಎರಡನ್ನೂ ಸೇರಿಸಿ ಒಂದು ಮಾಡುತ್ತಾರೆ. ಮೂಲವನ್ನು ನೋಡದ ಬೇರೆಯವರು ಆ ಕನ್ನಡವನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷ್‌ಗಳನ್ನು ಹೋಲಿಸಿ ನೋಡುತ್ತಾರೆ. ಡಾಕ್ಟರು, ನರ್ಸು, ಭಾಷೆ ಬಲ್ಲವರು, ಅಂಕಿಅಂಶದವರು ಕೂತ ಸಮಿತಿ ಒಂದೊಂದೇ ಪ್ರಶ್ನೆಯನ್ನು ಜಗಿದು ನೋಡುತ್ತದೆ. ಆಮೇಲೆ ಕೆಲವು ರೋಗಿಗಳ ಮೇಲೆ ಪ್ರಯೋಗ, ಕೊನೆಗೆ ದೊಡ್ಡ ಗುಂಪಿನ ಮೇಲೆ ಅಂಕಿಅಂಶದ ಪರೀಕ್ಷೆ.

ಇದರಲ್ಲಿ ವಾಪಸ್ ಅನುವಾದಕ್ಕೆ ಜನ ಕೊಡುವ ಮರ್ಯಾದೆ ಜಾಸ್ತಿಯಾಯಿತು ಅಂತ ನನಗೆ ಅನ್ನಿಸುತ್ತದೆ. ಪದಕ್ಕೆ ಪದ ಇಟ್ಟು ಮಾಡಿದ ಕೆಟ್ಟ ಕನ್ನಡವೇ ವಾಪಸ್ ಹೋದಾಗ ಮೂಲದ ಹಾಗೆ ಚೆನ್ನಾಗಿ ಕಾಣಿಸುತ್ತದೆ, ಸಹಜವಾದ ಕನ್ನಡ ಸ್ವಲ್ಪ ಬೇರೆಯಾಗಿ ಬಂದು ಫೇಲ್ ಆಗುತ್ತದೆ! ನನ್ನೊಬ್ಬನ ಮಾತಲ್ಲ ಇದು. ಆರೋಗ್ಯ ಶಿಕ್ಷಣದ ಒಂದು ಪ್ರಶ್ನಾವಳಿಯನ್ನು ಫ್ರೆಂಚ್‌ಗೆ ತರುವಾಗ ಇದನ್ನೇ ಪ್ರಯೋಗ ಮಾಡಿ ನೋಡಿದ್ದರು, 2015ರಲ್ಲಿ ಅದು ಪ್ರಕಟವಾಯಿತು: ಅನುವಾದದ ಗುಣ ಹೆಚ್ಚಿಸಿದ್ದು ತಜ್ಞರ ಸಮಿತಿ, ವಾಪಸ್ ಅನುವಾದದಿಂದ ಹೆಚ್ಚೇನೂ ಸಿಗಲಿಲ್ಲ. ಆದರೂ ಹಕ್ಕುದಾರ ಸಂಸ್ಥೆಗಳು ಅದನ್ನು ಕೇಳುತ್ತವೆ, ಮಾಡಲೇಬೇಕು. ಮಾಡಿ, ಆದರೆ ಅದು ಪಾಸಾಯಿತು ಅಂತ ನೆಮ್ಮದಿಯಾಗಿ ಕೂರಬೇಡಿ.

ನಿಜವಾದ ಕೆಲಸ ರೋಗಿಗಳ ಜೊತೆ ಕೂರುವಾಗ ಶುರುವಾಗುತ್ತದೆ. ಇದಕ್ಕೆ ಕಾಗ್ನಿಟಿವ್ ಇಂಟರ್‌ವ್ಯೂ ಅನ್ನುತ್ತಾರೆ. ಪ್ರಶ್ನೆ ಓದಿ, ಉತ್ತರ ತೆಗೆದುಕೊಂಡು, ಆಮೇಲೆ ಆ ಉತ್ತರದ ಬೆನ್ನು ಹತ್ತುವುದು. ಈ ಪ್ರಶ್ನೆ ಏನು ಕೇಳುತ್ತಿದೆ ಅಂತ ನಿಮಗೆ ಅನ್ನಿಸಿತು? ಉತ್ತರ ಹೇಳುವಾಗ ಯಾವ ದಿನ ನೆನಪಾಯಿತು? "ಸ್ವಲ್ಪ" ಅಂದಿರಲ್ಲ, "ತುಂಬಾ" ಅಂತ ಯಾವಾಗ ಹೇಳುತ್ತಿದ್ದಿರಿ? ನಿಮ್ಮ ಅಕ್ಕನಿಗೆ ಇದನ್ನೇ ನೀವು ಕೇಳುವುದಾದರೆ ಹೇಗೆ ಕೇಳುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಎಷ್ಟೋ ಸಲ ಸಮಿತಿ ವಾರಗಟ್ಟಲೆ ಹುಡುಕಿದ ವಾಕ್ಯಕ್ಕಿಂತ ಚೆನ್ನಾಗಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಹಾರ್ಮೋನ್ ಮಾತ್ರೆ, ಅಂದರೆ ಟಾಮೊಕ್ಸಿಫೆನ್ ಅಥವಾ ಅದರ ಜಾತಿಯ ಬೇರೆ ಮಾತ್ರೆ, ಸಾಮಾನ್ಯವಾಗಿ ಐದು ವರ್ಷ, ಕೆಲವರಿಗೆ ಹತ್ತು ವರ್ಷ ತೆಗೆದುಕೊಳ್ಳಬೇಕು. ಅದರಿಂದ ಇದ್ದಕ್ಕಿದ್ದ ಹಾಗೆ ಮುಖ, ಎದೆ ಕಾವೇರಿ ಬೆವರು ಕಿತ್ತುಕೊಳ್ಳುತ್ತದೆ. ಬಿಆರ್23 ಇದನ್ನು ಕೇಳುತ್ತದೆ. ಇದನ್ನು "ಮೈ ಬಿಸಿಯಾಗಿ ಬೆವರುತ್ತದೆಯೇ" ಅಂತ ಕನ್ನಡ ಮಾಡಿ ಮೇ ತಿಂಗಳ ಕಾರವಾರದಲ್ಲಿ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಪ್ರಶ್ನೆ ಕೇಳಿದವರಿಗೂ ಬೆವರುತ್ತಿರುತ್ತದೆ. ವಾಪಸ್ ಅನುವಾದದಲ್ಲಿ ಇದು ಸಿಕ್ಕಿಬೀಳುವುದೇ ಇಲ್ಲ. ಸಿಕ್ಕಿಬೀಳುವುದು "ಯಾವಾಗ ಹಾಗಾಯಿತು" ಅಂತ ಕೇಳಿದಾಗ, "ಯಾವಾಗ ಅಂದ್ರೆ? ಈಗ ಸೆಕೆ ಅಲ್ವಾ" ಅಂತ ಉತ್ತರ ಬಂದಾಗ. ಫ್ಯಾನ್ ಕೆಳಗೆ ಸುಮ್ನೆ ಕೂತಿದ್ದರೂ ಒಳಗಿನಿಂದ ಒಮ್ಮೆಲೇ ಕಾವು ಏರಿ ಬರುವುದು, ಹೀಗೆ ಏನಾದರೂ ಬಿಡಿಸಿ ಹೇಳಬೇಕು.

ಎಷ್ಟು ಜನರ ಜೊತೆ ಹೀಗೆ ಕೂರಬೇಕು ಅನ್ನುವುದರಲ್ಲಿ ಒಮ್ಮತ ಇಲ್ಲ. ಇಓಆರ್‌ಟಿಸಿ 10ರಿಂದ 15 ಜನ ಸಾಕು ಅನ್ನುತ್ತದೆ, 2000ರಲ್ಲಿ ಬಂದು ಎಲ್ಲರೂ ಬಳಸುವ ಒಂದು ಮಾರ್ಗಸೂಚಿ 30ರಿಂದ 40 ಅನ್ನುತ್ತದೆ. ಉತ್ತರ ಕನ್ನಡದ ಮಟ್ಟಿಗೆ ಸಂಖ್ಯೆಗಿಂತ ಯಾರು ಅನ್ನುವುದು ಮುಖ್ಯ. ಶಿರಸಿ ಪೇಟೆಯ ಟೀಚರುಗಳು ಹದಿನೈದು ಜನ ಸಿಕ್ಕರೆ ಏನು ಪ್ರಯೋಜನ? ಹವ್ಯಕ ಮನೆಯವರು, ನಾಮಧಾರಿಗಳು, ಹಾಲಕ್ಕಿ ಒಕ್ಕಲಿಗರು, ಮನೆಯಲ್ಲಿ ಕೊಂಕಣಿ ಆಡುವ ಖಾರ್ವಿಗಳು, ಭಟ್ಕಳದ ನವಾಯತರು, ಯಲ್ಲಾಪುರದ ಕಡೆಯ ಸಿದ್ದಿಗಳು, ಎಲ್ಲರೂ ಬೇಕು. ಹಾಲಕ್ಕಿ ಅಜ್ಜಿಯರು ರವಿಕೆ ಇಲ್ಲದೆ ಮಣಿಸರದ ಮೇಲೆ ಸೀರೆ ಸುತ್ತಿಕೊಳ್ಳುವವರು. ಬಟ್ಟೆ ತೊಡುವಾಗ ಮುಜುಗರ ಆಗುತ್ತದಾ ಅನ್ನುವ ಪ್ರಶ್ನೆ ಅವರಿಗೂ ಬ್ಲೌಸ್ ಒಳಗೆ ಪ್ಯಾಡ್ ಇಟ್ಟುಕೊಳ್ಳುವವರಿಗೂ ಒಂದೇ ಆಗಿರಲು ಸಾಧ್ಯವಿಲ್ಲ.

ಈಗ ಉತ್ತರದ ಕಡೆ ಬನ್ನಿ, ನನ್ನ ಪ್ರಕಾರ ಜಾಸ್ತಿ ಹಾಳಾಗುವುದು ಇಲ್ಲೇ. ಬಿಆರ್23ರಲ್ಲಿ ಪ್ರತಿ ಪ್ರಶ್ನೆಗೂ ನಾಲ್ಕು ಮೆಟ್ಟಿಲು, 1ರಿಂದ 4. ಒಂದನೆಯದು ಇಲ್ಲವೇ ಇಲ್ಲ, ನಾಲ್ಕನೆಯದು ತುಂಬಾ. ನಡುವಿನ ಎರಡು, ಅದರಲ್ಲೂ ಮೂರನೆಯದು, ತಲೆನೋವು. "ಸಾಕಷ್ಟು" ಅಂತ ಹಾಕಿದರೆ ಕೆಲವರಿಗೆ ಅದು ಬಹಳ, ಕೆಲವರಿಗೆ ಬೇಕಾದಷ್ಟು ಮಾತ್ರ. ನೋವು ಬೇಕಾದಷ್ಟು ಇದೆ ಅಂದರೆ ಏನರ್ಥ! ನಮ್ಮ ಕಡೆ "ರಾಶಿ" ಅಂದರೆ ತಕ್ಷಣ ತಿಳಿಯುತ್ತದೆ, ಆದರೆ ಅದೇ ಫಾರಂ ನಾಳೆ ಕೋಲಾರದಲ್ಲಿ ನಡೆಯುವುದಿಲ್ಲ.

ಇದು ಬರೀ ಮಾತಿನ ಜಗಳ ಅಂದುಕೊಳ್ಳಬೇಡಿ, ಲೆಕ್ಕ ಹಾಕಿ ತೋರಿಸುತ್ತೇನೆ. ಬಿಆರ್23ರಲ್ಲಿ ಕೈಯ ತೊಂದರೆಗೆ ಮೂರು ಪ್ರಶ್ನೆ: ಕೈ ಅಥವಾ ಭುಜದ ನೋವು, ಬಾವು, ಕೈ ಎತ್ತಲು ಕಷ್ಟ. ಮೂರರ ಸರಾಸರಿ ತೆಗೆದು, ಒಂದು ಕಳೆದು, ಮೂರರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಸೊನ್ನೆಯಿಂದ ನೂರರವರೆಗಿನ ಅಂಕ ಬರುತ್ತದೆ. ಒಬ್ಬಾಕೆಯ ಉತ್ತರ 2, 3, 3 ಆಗಿದ್ದರೆ ಅಂಕ 55.6. ಮೂರನೇ ಮೆಟ್ಟಿಲಿನ ಪದ ಗೊಂದಲ ಮಾಡಿದ್ದರಿಂದ ಅದೇ ಕೈ, ಅದೇ ನೋವಿಗೆ ಆಕೆ 2, 2, 2 ಅಂತ ಗೀಟು ಹಾಕಿದರೆ ಅಂಕ 33.3. ವ್ಯತ್ಯಾಸ 22. ಇದೇ ಕುಟುಂಬದ ಸಿ30 ಬಗ್ಗೆ 1998ರಲ್ಲಿ ಬಂದ ಪ್ರಸಿದ್ಧ ಅಧ್ಯಯನದ ಪ್ರಕಾರ 5ರಿಂದ 10 ಅಂಕದ ಬದಲಾವಣೆ ಸಣ್ಣದು, 10ರಿಂದ 20 ಮಧ್ಯಮ, 20 ದಾಟಿದರೆ ದೊಡ್ಡದು. ಅಂದರೆ ಒಂದು ಪದದ ಗೊಂದಲದಿಂದ, ಯಾವ ಚಿಕಿತ್ಸೆಯೂ ಇಲ್ಲದೆ, ಕಾಗದದ ಮೇಲೆ ಆಕೆಗೆ ದೊಡ್ಡ ಗುಣ ಕಂಡುಬಿಟ್ಟಿತು. ಅದಕ್ಕೇ ನಾಲ್ಕು ಉತ್ತರಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು, ಕಲಸಿ, ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ಅಂತ ಕೊಡುತ್ತಾರೆ. ಜನ ಬೇರೆ ಬೇರೆ ಥರ ಜೋಡಿಸಿದರೆ ಆ ಪದ ಹೋಯಿತು.

ಅವಧಿಯ ಗಡಿಬಿಡಿಯೂ ಇದೆ. ಹೆಚ್ಚಿನ ಪ್ರಶ್ನೆಗಳು ಕಳೆದ ಒಂದು ವಾರದ ಬಗ್ಗೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಸಮುದ್ರಕ್ಕೆ ಇಳಿಯುವಂತಿಲ್ಲ. ಆಗ ಮೀನು ಮಾರುವವರಿಗೆ ಕೆಲಸ ಮಾಡಲು ತೊಂದರೆ ಆಯಿತಾ ಅಂತ ಕೇಳಿದರೆ ಕೆಲಸವೇ ಇಲ್ಲವಲ್ಲ, ತೊಂದರೆ ಎಲ್ಲಿಂದ ಬರಬೇಕು. ಘಟ್ಟದ ಮೇಲೆ ಉಲ್ಟಾ, ಅಡಿಕೆ ಕೊಯ್ಲು ಶುರುವಾದರೆ ಮನೆಯಲ್ಲಿ ಎಲ್ಲರೂ ಸುಲಿಯಲು ಕೂರಬೇಕು. ಕೆಲವು ಕಿಮೋ ಔಷಧಿಗಳಿಂದ ಬೆರಳ ತುದಿ ಜೋಮು ಹಿಡಿದು ಹಾಗೇ ಉಳಿಯುವುದುಂಟು. ಜೋಮು ಹಿಡಿದ ಬೆರಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂರುವುದು ಅಂದರೆ ಏನು ಅಂತ ಸುಲಿದವರಿಗೆ ಗೊತ್ತು. ಮಳೆಗಾಲದಲ್ಲಿ ಕೇಳಿದರೆ ಈ ಕಷ್ಟ ಕಾಣುವುದೇ ಇಲ್ಲ. ಫಾರಂ ಎಷ್ಟೇ ಚೆನ್ನಾಗಿರಲಿ, ಯಾವ ತಿಂಗಳಲ್ಲಿ ಕೇಳಿದಿರಿ ಅಂತ ಬರೆದಿಡದಿದ್ದರೆ ಅಂಕಗಳಿಗೆ ಅರ್ಥ ಇಲ್ಲ.

ಲೈಂಗಿಕತೆಯ ಪ್ರಶ್ನೆಗಳನ್ನು ಏನು ಮಾಡುವುದು? ತೆಗೆದುಹಾಕಿ ಅಂತ ಸಮಿತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, "ನಮ್ಮ ಹೆಂಗಸರು ಹೇಳಲ್ಲ" ಅಂತ. ನಾನು ಒಪ್ಪುವುದಿಲ್ಲ. ಮಾತ್ರೆ, ಕಿಮೋಗಳಿಂದ ಬೇಗ ಮುಟ್ಟು ನಿಂತು, ಒಣಗಿ, ನೋವಾಗುವುದು ನಿಜವಾದ ತೊಂದರೆ, ಅದಕ್ಕೆ ಔಷಧಿ, ಉಪಾಯ ಇವೆ. ಕೇಳದಿದ್ದರೆ ಆ ಉಪಾಯವೂ ಸಿಗುವುದಿಲ್ಲ. ಹೇಳದಿರುವುದು ಪ್ರಶ್ನೆಯ ಕಾರಣಕ್ಕಲ್ಲ, ಪಕ್ಕದಲ್ಲಿ ಅತ್ತೆ ಕೂತಿರುವ ಕಾರಣಕ್ಕೆ, ಕೇಳುವವನು ಗಂಡಸು ಆಗಿರುವ ಕಾರಣಕ್ಕೆ. ಹೆಂಗಸೇ ಕೇಳಲಿ, ಬಾಗಿಲು ಮುಂದೆ ಮಾಡಿಕೊಂಡು ಕೇಳಲಿ. ಫ್ಯಾಕ್ಟ್-ಬಿಯಲ್ಲಿ ಉತ್ತರಿಸಲು ಇಷ್ಟವಿಲ್ಲ ಅಂತ ಗುರುತು ಹಾಕಲು ಬೇರೆ ಚೌಕವೇ ಇದೆ, ಅದು ಒಳ್ಳೆಯ ಉಪಾಯ. ಓದಲು ಬರದವರಿಗೆ ಬೇರೆಯವರು ಓದಿ ಹೇಳಬೇಕಾಗುತ್ತದೆ, ಆಗ ಮುಲಾಜು ಇನ್ನೂ ಜಾಸ್ತಿ. ತಾವೇ ತುಂಬಿದವರ ಉತ್ತರ, ಓದಿಸಿಕೊಂಡವರ ಉತ್ತರ ಎರಡನ್ನೂ ಬೇರೆ ಬೇರೆ ಇಟ್ಟು ನೋಡುವುದು ಅದಕ್ಕೇ.

ಅಂಕಿಅಂಶದ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಒಂದೇ ವಿಷಯ ಕೇಳುವ ಪ್ರಶ್ನೆಗಳ ಉತ್ತರ ಒಟ್ಟೊಟ್ಟಿಗೆ ಏರಿಳಿಯಬೇಕು, ಇದನ್ನು ಕ್ರೋನ್‌ಬಾಕ್ ಆಲ್ಫಾ ಅನ್ನುವ ಅಳತೆಯಲ್ಲಿ ನೋಡುತ್ತಾರೆ, 0.7ಕ್ಕಿಂತ ಜಾಸ್ತಿ ಇದ್ದರೆ ಸರಿ ಅನ್ನುತ್ತಾರೆ. ಸುಮಾರು ಎರಡು ವಾರ ಬಿಟ್ಟು ಮತ್ತೆ ಕೇಳಿದಾಗ, ಆರೋಗ್ಯ ಬದಲಾಗದವರ ಅಂಕವೂ ಬದಲಾಗಬಾರದು. ಕೈ ಬಾತವರ ಅಂಕ ಬಾಯದವರಿಗಿಂತ ಕೆಟ್ಟದಾಗಿಯೇ ಬರಬೇಕು, ಬರದಿದ್ದರೆ ಫಾರಂನಲ್ಲೇ ದೋಷ. ಪ್ರಶ್ನೆಗಳು ಮೂಲದಲ್ಲಿ ಗುಂಪಾದ ಹಾಗೆಯೇ ಇಲ್ಲೂ ಗುಂಪಾಗುತ್ತವಾ ಅಂತ ನೋಡಲು ನೂರಕ್ಕಿಂತ ಹೆಚ್ಚು ಜನ ಬೇಕು, ಪ್ರಶ್ನೆ ಜಾಸ್ತಿ ಇದ್ದರೆ ಅದರ ಕೆಲವು ಪಟ್ಟು. ಒಂದೇ ಜಿಲ್ಲೆಯಲ್ಲಿ ಅಷ್ಟು ಜನ ಸಿಗುವುದು ಕಷ್ಟ. ನಮ್ಮವರು ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ, ಬೆಂಗಳೂರಿನ ಕಿದ್ವಾಯಿ ಅಂತ ಚದುರಿಹೋಗಿರುತ್ತಾರೆ. ಅವರ ದಾಖಲೆ ಒಂದು ಕಡೆ ಇರುವುದಿಲ್ಲ.

ಹೋಗಿಬರುವುದು ಅಂದಾಗ ಇನ್ನೊಂದು ಮಾತು. ಸಿ30ರಲ್ಲಿ ಹಣದ ತೊಂದರೆಗೆ ಇರುವುದು ಒಂದೇ ಪ್ರಶ್ನೆ. ಘಟ್ಟ ಇಳಿದು ಬಸ್ಸು ಹತ್ತಿ ಹೋಗುವ ಖರ್ಚು, ಜೊತೆಗೆ ಬಂದವರ ಕೂಲಿ ಹೋದದ್ದು, ದೂರದ ಊರಲ್ಲಿ ಉಳಿಯುವ ಬಾಡಿಗೆ, ಇದೆಲ್ಲ ಅದರೊಳಗೆ ಹಿಡಿಯುವುದಿಲ್ಲ. ಇವನ್ನು ಸೇರಿಸಬೇಕು ಅನ್ನಿಸಿದರೆ ಸೇರಿಸಬಹುದು, ಆದರೆ ಮೂಲ ಫಾರಂ ಪೂರ್ತಿ ಮುಗಿದ ಮೇಲೆ, ಬೇರೆ ಹಾಳೆಯಲ್ಲಿ, ಬೇರೆ ಅಂಕದ ಜೊತೆ. ನಡುವೆ ತುರುಕಿದರೆ ಬೇರೆ ದೇಶದ, ಬೇರೆ ರಾಜ್ಯದ ಅಂಕಗಳ ಜೊತೆ ಹೋಲಿಸುವ ಅವಕಾಶ ಹೋಗುತ್ತದೆ, ಇಷ್ಟೆಲ್ಲ ಕಷ್ಟಪಟ್ಟದ್ದು ಆ ಹೋಲಿಕೆಗಾಗಿಯೇ ಅಲ್ವಾ.

ಕೊಂಕಣಿಗೆ ಬೇರೆ ಫಾರಂ ಬೇಕಾ ಅಂತ ಕೆಲವರು ಕೇಳುತ್ತಾರೆ. ಕಾರವಾರದ ಮಟ್ಟಿಗೆ ಬೇಕು ಅಂತಲೇ ನನ್ನ ಅಭಿಪ್ರಾಯ. ಶಾಲೆಯಲ್ಲಿ ಕನ್ನಡ ಕಲಿತವರು ಕನ್ನಡ ಓದುತ್ತಾರೆ ನಿಜ, ಆದರೆ ನೋವು, ನಾಚಿಕೆ, ಭಯ ಹೇಳುವುದು ಮನೆಯ ಮಾತಿನಲ್ಲಿ. ಗೋವಾದ ಕೊಂಕಣಿ ಫಾರಂ ಸಿಕ್ಕಿದರೂ ಅದನ್ನು ಹಾಗೇ ತಂದು ಇಲ್ಲಿ ಹಂಚುವಂತಿಲ್ಲ, ಅಲ್ಲಿಯದು ದೇವನಾಗರಿ ಲಿಪಿ, ಇಲ್ಲಿಯವರಿಗೆ ಕನ್ನಡ ಲಿಪಿ ರೂಢಿ, ಮಾತಿನಲ್ಲೂ ವ್ಯತ್ಯಾಸ ಇದೆ. ಕಡೇಪಕ್ಷ ಇಲ್ಲಿಯವರ ಜೊತೆ ಒಂದು ಸುತ್ತು ಕೂತು ನೋಡಬೇಕು.

ನಿಮಗೋ ನಿಮ್ಮ ಮನೆಯವರಿಗೋ ಚೆಕಪ್‌ಗೆ ಹೋದಾಗ ಇಂಥ ಫಾರಂ ಕೊಟ್ಟರೆ, ಮೊದಲು ಅವಧಿ ನೋಡಿಕೊಳ್ಳಿ. ಒಂದು ವಾರ ಅಂದರೆ ಈ ಒಂದು ವಾರ ಮಾತ್ರ, ಆಪರೇಷನ್ ಆದಾಗಿನ ಕಷ್ಟ ಅಲ್ಲ. ಬಿಆರ್23ರಲ್ಲಿ ಲೈಂಗಿಕತೆಯ ಪ್ರಶ್ನೆಗಳಿಗೆ ಮಾತ್ರ ನಾಲ್ಕು ವಾರ. ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ನೋವನ್ನು ಕಡಿಮೆ ಮಾಡಿ ಬರೆಯಬೇಡಿ. ಪ್ರಶ್ನೆ ತಿಳಿಯದಿದ್ದರೆ ಊಹೆ ಮಾಡಿ ಗೀಟು ಹಾಕುವ ಬದಲು ತಿಳಿಯಲಿಲ್ಲ ಅಂತ ಪಕ್ಕದಲ್ಲೇ ಬರೆಯಿರಿ, ಫಾರಂ ಮಾಡಿದವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಜೊತೆಗೆ ಬಂದವರು ಪಕ್ಕದಲ್ಲಿ ಕೂತು "ಅದಕ್ಕೆ ಇಲ್ಲ ಅಂತ ಹಾಕು" ಅನ್ನುತ್ತಿದ್ದರೆ ಚಹಾ ಕುಡಿದು ಬನ್ನಿ ಅಂತ ಕಳಿಸಿ.